ರೋಗಿಯನ್ನು ಒಪ್ಪಿಸುವ ಕೆಲಸಕ್ಕೆ ಡ್ಯೂಟಿ ಪಟ್ಟಿಯಲ್ಲಿ ಸಮಯ ಕೊಡಿ

ಸಂಪಾದಕರಿಗೆ,

ಮಾನ್ಯರೇ,

ಆಸ್ಪತ್ರೆಯಲ್ಲಿ ರೋಗಿಗೆ ಅನಾಹುತವಾದಾಗ ಮುಂದೆ ನಡೆಯುವುದು ಬಹುಮಟ್ಟಿಗೆ ಒಂದೇ ಬಗೆಯದು. ಸಂಬಂಧಿಕರು ಗೇಟಿನ ಮುಂದೆ ಧರಣಿ ಕೂರುತ್ತಾರೆ, ಅಧಿಕಾರಿಗಳು ಬಂದು ತನಿಖೆಯ ಭರವಸೆ ಕೊಡುತ್ತಾರೆ, ಆ ಹೊತ್ತಿನ ಪಾಳಿಯಲ್ಲಿದ್ದ ವೈದ್ಯರೋ ಶುಶ್ರೂಷಕಿಯೋ ಅಮಾನತಾಗುತ್ತಾರೆ. ಹಿಂದಿನ ಪಾಳಿಯವರು ಆ ರೋಗಿಯ ಬಗ್ಗೆ ಏನು ಹೇಳಿ ಹೋಗಿದ್ದರು, ಕಳುಹಿಸಿಕೊಟ್ಟ ಆಸ್ಪತ್ರೆ ಸೇರಿಸಿಕೊಂಡ ಆಸ್ಪತ್ರೆಗೆ ಏನು ತಿಳಿಸಿತ್ತು ಎಂಬ ಪ್ರಶ್ನೆಯನ್ನು ತನಿಖೆಗೆ ಬಂದವರು ಕೇಳಿದ್ದನ್ನು ಮಾತ್ರ ನಾನು ಅಪರೂಪಕ್ಕೆ ಕಂಡಿದ್ದೇನೆ. ಸರ್ಕಾರಿ ಆಸ್ಪತ್ರೆಗಳ ವಾರ್ಡು, ಹೆರಿಗೆ ಕೊಠಡಿ ಮತ್ತು ತೀವ್ರ ನಿಗಾ ಘಟಕಗಳಲ್ಲಿ ಶುಶ್ರೂಷಾಧಿಕಾರಿಯಾಗಿ ದುಡಿದು ನಿವೃತ್ತಳಾದ ನನಗೆ, ಎಷ್ಟೋ ಅನಾಹುತಗಳ ಮೂಲ ಆ ಕೇಳದೆ ಉಳಿದ ಪ್ರಶ್ನೆಯಲ್ಲೇ ಇದೆ ಎನಿಸಿರುವುದರಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ.

ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಕಾಣಸಿಗುವ ಡ್ಯೂಟಿ ಪಟ್ಟಿಯನ್ನು ಒಮ್ಮೆ ನೋಡಿ. ಬೆಳಗಿನ ಪಾಳಿ 8ರಿಂದ 2, ಮಧ್ಯಾಹ್ನದ್ದು 2ರಿಂದ ರಾತ್ರಿ 8, ರಾತ್ರಿಯದ್ದು 8ರಿಂದ ಮರುದಿನ ಬೆಳಿಗ್ಗೆ 8. ಇಪ್ಪತ್ತನಾಲ್ಕು ಗಂಟೆಯಲ್ಲಿ ಒಂದು ನಿಮಿಷವನ್ನೂ ಖಾಲಿ ಬಿಡದ, ಕಣ್ಣಿಗೆ ಒಪ್ಪವಾಗಿ ಕಾಣುವ ಲೆಕ್ಕ ಇದು. ಆದರೆ ಒಂದು ಪಾಳಿ ಮುಗಿಯುವ ಗಳಿಗೆಗೇ ಇನ್ನೊಂದು ಶುರುವಾಗುವ ಈ ಪಟ್ಟಿಯಲ್ಲಿ, ಮೂವತ್ತು ನಲವತ್ತು ರೋಗಿಗಳನ್ನು ಒಬ್ಬರು ಇನ್ನೊಬ್ಬರಿಗೆ ವಿವರಿಸಿ ಒಪ್ಪಿಸುವ ಕೆಲಸಕ್ಕೆ ಇಟ್ಟಿರುವ ಸಮಯ ಸೊನ್ನೆ. ವಾರ್ಡಿನಲ್ಲಿ ನಾವು ‘ಓವರ್ ಕೊಡುವುದು’, ‘ಓವರ್ ತಗೊಳ್ಳುವುದು’ ಎನ್ನುವ ಈ ಕೆಲಸ ನಡೆಯುವುದು ಹೊರಡುವವರ ಸ್ವಂತ ಸಮಯದಲ್ಲಿ, ಇಲ್ಲವೇ ಬರುವವರು ಬೇಗ ಬಂದರೆ ಅವರ ಸ್ವಂತ ಸಮಯದಲ್ಲಿ. ಊರಿನ ಬಸ್ಸು ತಪ್ಪಿದರೆ ಸಂಜೆಯವರೆಗೆ ಕಾಯಬೇಕಾದ ಸಿಸ್ಟರ್ ಒಬ್ಬರು ಎಷ್ಟು ಹೊತ್ತು ನಿಂತು ಹೇಳಬಲ್ಲರು? ಅದೇ ವಾರ್ಡಿನಲ್ಲಿ ಔಷಧಿ ಕಪಾಟಿನ ಬೀಗದ ಕೈ, ಆಕ್ಸಿಜನ್ ಸಿಲಿಂಡರುಗಳ ಸಂಖ್ಯೆ, ಬಿ.ಪಿ. ನೋಡುವ ಉಪಕರಣ, ಹಾಸಿಗೆ ಹೊದಿಕೆಗಳ ಲೆಕ್ಕ ಮಾತ್ರ ರಿಜಿಸ್ಟರಿನಲ್ಲಿ ಸಹಿಯಾಗಿ ಕೈ ಬದಲಾಗುತ್ತವೆ, ಏಕೆಂದರೆ ಅವು ಕಳೆದುಹೋದರೆ ಲೆಕ್ಕ ಕೊಡಬೇಕಾದವರು ಯಾರೆಂಬುದು ಎಲ್ಲರಿಗೂ ಗೊತ್ತು.

ವೈದ್ಯರ ನಡುವಿನ ಒಪ್ಪಿಸುವಿಕೆ ಇನ್ನೂ ಸಡಿಲ. ಶುಶ್ರೂಷಕಿಯರಿಗೆ ವರದಿ ಪುಸ್ತಕವಾದರೂ ಇದೆ; ಹೌಸ್ ಸರ್ಜನ್ನರು (ತರಬೇತಿಯಲ್ಲಿರುವ ಹೊಸ ವೈದ್ಯರು), ಸ್ನಾತಕೋತ್ತರ ವಿದ್ಯಾರ್ಥಿಗಳು, ಡ್ಯೂಟಿ ಡಾಕ್ಟರುಗಳು ಕಾರಿಡಾರಿನಲ್ಲಿ ಎದುರಾದಾಗಲೋ ಫೋನಿನಲ್ಲೋ ಎರಡು ಮಾತಿನಲ್ಲಿ ಮುಗಿಸುವುದೇ ಹೆಚ್ಚು. ‘ಎಲ್ಲಾ ಸ್ಟೇಬಲ್, 12ನೇ ಬೆಡ್ ಸ್ವಲ್ಪ ನೋಡ್ಕೊಳ್ಳಿ’ ಎಂಬಂಥ ಮಾತು ವಾರ್ಡಿನಲ್ಲಿ ದಿನವೂ ಕೇಳುತ್ತದೆ. 12ನೇ ಹಾಸಿಗೆಯವರಿಗೆ ಕಿಡ್ನಿ ತೊಂದರೆಯಿದೆ, ಮಧ್ಯಾಹ್ನ ರಕ್ತ ಕಳುಹಿಸಲಾಗಿದೆ, ಪೊಟ್ಯಾಶಿಯಂ ವರದಿ ಸಂಜೆ ಬರಲಿದೆ, ಅದು ಏರಿದ್ದರೆ ತಕ್ಷಣ ಇ.ಸಿ.ಜಿ. ತೆಗೆದು ಇಂಥ ಚಿಕಿತ್ಸೆ ಶುರುಮಾಡಬೇಕು, ಇಂಥ ಹಿರಿಯರಿಗೆ ಕರೆ ಮಾಡಬೇಕು ಎಂಬುದೆಲ್ಲ ಆ ‘ಸ್ವಲ್ಪ ನೋಡ್ಕೊಳ್ಳಿ’ಯೊಳಗೆ ಅಡಗಿದೆ, ಹೇಳಿದವರಿಗೆ ಅದು ಗೊತ್ತು, ಕೇಳಿದವರಿಗೆ ಗೊತ್ತಿಲ್ಲ. ರಕ್ತ ಪರೀಕ್ಷೆಗೆ ಬರೆದುಕೊಟ್ಟ ವೈದ್ಯರು ಮನೆಗೆ ಹೋದ ಮೇಲೆ ಬರುವ ವರದಿ ಯಾರದ್ದೂ ಅಲ್ಲದೆ ಕೇಸ್ ಶೀಟಿಗೆ ಸಿಕ್ಕಿಕೊಂಡು ಬೆಳಗಿನ ರೌಂಡ್ಸ್‌ಗಾಗಿ ಕಾಯುತ್ತದೆ.

ಇನ್ಸುಲಿನ್ ವಿಚಾರವನ್ನೇ ತೆಗೆದುಕೊಳ್ಳಿ. ಬೆಳಗಿನ ತಿಂಡಿಗೆ ಮುಂಚಿನ ಇನ್ಸುಲಿನ್ ಕೊಡಬೇಕಾದ ಹೊತ್ತು ರಾತ್ರಿ ಪಾಳಿ ಮುಗಿಯುವ ಹೊತ್ತಿಗೇ ಬರುತ್ತದೆ. ರಾತ್ರಿಯ ಸಿಸ್ಟರ್ ಕೊಟ್ಟು, ಅಷ್ಟರಲ್ಲಿ ಬೇರೆ ರೋಗಿಗೆ ಏದುಸಿರು ಬಂದು ಓಡಿ, ಚಾರ್ಟಿನಲ್ಲಿ ಗುರುತು ಹಾಕುವುದು ಉಳಿದರೆ, ಬೆಳಗಿನವರು ಖಾಲಿ ಚೌಕ ನೋಡಿ ಮತ್ತೆ ಕೊಡುವ ಅಪಾಯವಿದೆ. ನಮ್ಮಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ಟಿನ ವಯಲ್ಲೂ 100 ಯೂನಿಟ್ಟಿನದ್ದೂ ಎರಡೂ ಬಳಕೆಯಲ್ಲಿರುವುದರಿಂದ, ಯಾವ ವಯಲ್ಲಿಗೆ ಯಾವ ಸಿರಿಂಜು ಎಂಬುದನ್ನು ಕೂಡ ಹೇಳಿಯೇ ದಾಟಿಸಬೇಕು. ಇದರಲ್ಲಿ ಯಾರ ಅಜ್ಞಾನವೂ ಇಲ್ಲ. ಇಬ್ಬರೂ ತಮ್ಮ ಕೆಲಸ ಬಲ್ಲವರೇ. ಇಬ್ಬರೂ ರೋಗಿಯ ಮಂಚದ ಬಳಿ ಚಾರ್ಟು ಹಿಡಿದು ಒಟ್ಟಿಗೆ ನಿಂತ ಎರಡು ನಿಮಿಷ ಮಾತ್ರ ಅಲ್ಲಿ ಇಲ್ಲ.

ಒಂದೇ ಕಟ್ಟಡದೊಳಗೆ ಹೀಗಾದರೆ, ಒಂದು ಊರಿನಿಂದ ಇನ್ನೊಂದು ಊರಿಗೆ ರೋಗಿಯನ್ನು ಕಳುಹಿಸುವಾಗ ಆಗುವುದು ಇನ್ನೂ ಗಂಭೀರ. ಗರ್ಭಿಣಿಯೊಬ್ಬರಿಗೆ ರಕ್ತದೊತ್ತಡ ಏರಿ ಫಿಟ್ಸ್ ಬಂದರೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮೆಗ್ನೀಸಿಯಂ ಸಲ್ಫೇಟಿನ ಮೊದಲ ಡೋಸನ್ನು, ಎರಡೂ ಪೃಷ್ಠಗಳಿಗೆ 5 ಗ್ರಾಂನಂತೆ ಒಟ್ಟು 10 ಗ್ರಾಂ, ಚುಚ್ಚಿ ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕೆಂಬ ನಿಯಮವಿದೆ. ಜೀವ ಉಳಿಸುವ ಒಳ್ಳೆಯ ನಿಯಮ. ಆದರೆ ಒಂದೂವರೆ ಗಂಟೆಯ ಪ್ರಯಾಣದ ನಂತರ ಜಿಲ್ಲಾ ಆಸ್ಪತ್ರೆಯ ಹೆರಿಗೆ ಕೊಠಡಿಗೆ ಬಂದ ಆಕೆಯ ಕೈಯಲ್ಲಿರುವ ಚೀಟಿಯಲ್ಲಿ ‘ಹೆಚ್ಚಿನ ಚಿಕಿತ್ಸೆಗಾಗಿ’ ಎಂಬ ಎರಡು ಪದ ಬಿಟ್ಟರೆ ಬೇರೇನೂ ಇಲ್ಲದಿದ್ದರೆ, ಅಲ್ಲಿನ ವೈದ್ಯೆ ಏನು ಮಾಡಬೇಕು? ಕೊಟ್ಟಿದ್ದಾರೆಂದು ನಂಬಿ ಸುಮ್ಮನಿದ್ದರೆ ಇನ್ನೊಮ್ಮೆ ಫಿಟ್ಸ್ ಬರಬಹುದು. ಕೊಟ್ಟಿಲ್ಲವೆಂದುಕೊಂಡು ಮತ್ತೆ ಕೊಟ್ಟರೆ, ಅದೇ ಔಷಧಿಯ ಅತಿಯಿಂದ ಉಸಿರಾಟವೇ ಕುಗ್ಗಬಹುದು. ಜೊತೆಗೆ ಬಂದ ಅತ್ತೆಯನ್ನು ಕೇಳಿದರೆ ‘ಎರಡು ಇಂಜೆಕ್ಷನ್ ಹಾಕಿದ್ರು ತಾಯಿ’ ಎನ್ನುತ್ತಾರೆ. ಬೆರಳಷ್ಟು ಜಾಗದಲ್ಲಿ ಔಷಧಿಯ ಹೆಸರು, ಪ್ರಮಾಣ ಮತ್ತು ಕೊಟ್ಟ ಗಂಟೆಯನ್ನು ಬರೆದು, ಹೊರಡುವ ಮೊದಲು ಒಂದು ಫೋನು ಮಾಡಿದ್ದರೆ ಈ ಇಕ್ಕಟ್ಟೇ ಇರುತ್ತಿರಲಿಲ್ಲ. ಆಕೆಯ ಕೈಯಲ್ಲಿ ತಾಯಿ ಕಾರ್ಡ್ ಇರುತ್ತದೆ, ನಿಜ. ಆದರೆ ಅದು ಒಂಬತ್ತು ತಿಂಗಳ ತಪಾಸಣೆಯ ದಾಖಲೆ, ಕೊನೆಯ ಒಂದೂವರೆ ಗಂಟೆಯದ್ದಲ್ಲ.

ಹೃದಯಾಘಾತದಲ್ಲಿ ನಮ್ಮ ರಾಜ್ಯ ಒಂದು ಒಳ್ಳೆಯ ದಾರಿ ತೋರಿಸಿದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ. ಜಯದೇವ ಹೃದ್ರೋಗ ಸಂಸ್ಥೆಯ ತಜ್ಞರಿಗೆ ತಲುಪಿ, ಅವರ ಸಲಹೆಯಂತೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಮಾಹಿತಿಯನ್ನು ನಿಮಿಷಗಳಲ್ಲಿ ದಾಟಿಸಬೇಕೆಂದು ಸರ್ಕಾರ ಮನಸ್ಸು ಮಾಡಿದರೆ ಅದು ಸಾಧ್ಯ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ಇಂಜೆಕ್ಷನ್ ಪಡೆದ ರೋಗಿ ಆಂಜಿಯೋಗ್ರಾಂಗಾಗಿ ದೊಡ್ಡ ಆಸ್ಪತ್ರೆಗೆ ಹೊರಟಾಗಲೂ ಅಷ್ಟೇ ಶಿಸ್ತು ಇರಬೇಕಲ್ಲವೇ? ಎದೆನೋವು ಶುರುವಾದದ್ದು ಎಷ್ಟು ಗಂಟೆಗೆ, ಹೆಪ್ಪು ಕರಗಿಸುವ ಔಷಧಿ ಕೊಟ್ಟದ್ದು ಎಷ್ಟು ಗಂಟೆಗೆ ಮತ್ತು ಎಷ್ಟು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಕೊಟ್ಟಿದ್ದಾರೆಯೇ ಎಂಬ ಮೂರು ವಿಷಯ ಗೊತ್ತಿಲ್ಲದೆ ಮುಂದಿನವರು ರಕ್ತ ತೆಳುವಾಗಿಸುವ ಔಷಧಿಗಳನ್ನು ಮುಟ್ಟುವುದು ಅಪಾಯ. ಹಾವು ಕಡಿತದಲ್ಲೂ ಅಷ್ಟೇ. 2024ರಲ್ಲಿ ನಮ್ಮ ರಾಜ್ಯ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ್ದು ಶ್ಲಾಘನೀಯ. ಆ ಅಂಕಿ ಇಲಾಖೆಗೆ ತಲುಪುವಷ್ಟು ಖಚಿತವಾಗಿ, ಕಡಿತದ ಸಮಯ ಮತ್ತು ಈಗಾಗಲೇ ಕೊಟ್ಟ ವಿಷನಿರೋಧಕದ ವಯಲ್ಲುಗಳ ಸಂಖ್ಯೆ ಮುಂದಿನ ಆಸ್ಪತ್ರೆಯನ್ನೂ ತಲುಪಬೇಕು.

ನಮ್ಮ ರೆಫರಲ್ ಚೀಟಿ ಏಕೆ ಇಷ್ಟು ಬಡವಾಯಿತು ಎಂಬುದಕ್ಕೆ ನನ್ನದೊಂದು ಅನುಮಾನವಿದೆ. 2018ರಲ್ಲಿ ಆರೋಗ್ಯ ಕರ್ನಾಟಕ ಯೋಜನೆ ಬಂದ ಮೇಲೆ, ತುರ್ತು ಪ್ರಕರಣಗಳನ್ನು ಬಿಟ್ಟು ಅನೇಕ ಚಿಕಿತ್ಸೆಗಳಿಗೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಬೇಕಾಯಿತು. ಅಂದಿನಿಂದ ಜನರ ಕಣ್ಣಿನಲ್ಲಿ, ಕ್ರಮೇಣ ಸಿಬ್ಬಂದಿಯ ಕಣ್ಣಿನಲ್ಲೂ, ರೆಫರಲ್ ಎಂದರೆ ಖರ್ಚು ಮಂಜೂರಾಗಲು ಬೇಕಾದ ಸಹಿ ಮತ್ತು ಸೀಲು. ಅದು ಒಬ್ಬ ವೈದ್ಯರು ಇನ್ನೊಬ್ಬ ವೈದ್ಯರಿಗೆ ಬರೆಯುವ ಪತ್ರ ಎಂಬುದು ಮರೆತೇಹೋಗಿದೆ. ಇನ್ನು 108ರ ಸಿಬ್ಬಂದಿ. 2008ರ ನವೆಂಬರ್ 1ರಂದು ಆರಂಭವಾದ ಆರೋಗ್ಯ ಕವಚ ಸೇವೆಯ ವಾಹನದೊಳಗೆ ದಾರಿಯುದ್ದಕ್ಕೂ ರೋಗಿಯ ಪಕ್ಕ ಕೂತವರು ಅವರು, ನಡುದಾರಿಯಲ್ಲಿ ಬಿ.ಪಿ. ಕುಸಿದದ್ದು, ಎಚ್ಚರ ತಪ್ಪಿದ್ದು ಅವರಿಗೇ ಗೊತ್ತು. ಟ್ರಾಲಿಗೆ ರೋಗಿಯನ್ನು ಇಳಿಸಿ, ಫಾರಂಗೆ ಸಹಿ ಪಡೆದು, ಮುಂದಿನ ಕರೆಗೆ ಓಡುವ ಅವರ ಮಾತನ್ನು ನಿಂತು ಕೇಳುವುದು ಯಾರ ಕೆಲಸವೆಂದು ನಮ್ಮ ಬಹಳಷ್ಟು ಕ್ಯಾಷುವಾಲಿಟಿಗಳಲ್ಲಿ ನಿಗದಿಯಾಗಿಲ್ಲ.

ಇದು ನಮ್ಮ ದೇಶಕ್ಕೆ ಮಾತ್ರ ಅಂಟಿದ ದೋಷವೇನಲ್ಲ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ರೋಗಿಗಳ ಸುರಕ್ಷತೆಗಾಗಿ ಸೂಚಿಸಿದ ಒಂಬತ್ತು ಪರಿಹಾರಗಳಲ್ಲಿ ರೋಗಿಯನ್ನು ಒಪ್ಪಿಸುವಾಗಿನ ಸಂವಹನವೂ ಒಂದು. ಅಮೆರಿಕದ ನೌಕಾಪಡೆಯ ಅಣುಶಕ್ತಿ ಜಲಾಂತರ್ಗಾಮಿಗಳಲ್ಲಿ ಬಳಸುತ್ತಿದ್ದ ವರದಿ ಕ್ರಮವೊಂದನ್ನು ಅಲ್ಲಿನ ಆಸ್ಪತ್ರೆಗಳು ‘ಎಸ್‌ಬಿಎಆರ್’ ಎಂಬ ಹೆಸರಿನಲ್ಲಿ ತಮಗೆ ಒಗ್ಗಿಸಿಕೊಂಡವು. ಈಗ ಏನಾಗುತ್ತಿದೆ, ಹಿನ್ನೆಲೆಯೇನು, ನನ್ನ ಅಂದಾಜೇನು, ನಿಮ್ಮಿಂದ ನನಗೇನು ಬೇಕು ಎಂಬ ಈ ನಾಲ್ಕರ ಕ್ರಮ ರಾತ್ರಿ ಎರಡು ಗಂಟೆಗೆ ಹಿರಿಯ ವೈದ್ಯರಿಗೆ ಫೋನು ಮಾಡುವ ಸಿಸ್ಟರಿಗೆ ಬಹಳ ನೆರವಾಗುತ್ತದೆ, ಏಕೆಂದರೆ ನಮ್ಮವರು ಹಿನ್ನೆಲೆಯಿಂದ ಶುರುಮಾಡಿ, ಬೇಕಾದದ್ದನ್ನು ಕೇಳಲು ಸಂಕೋಚಪಟ್ಟು, ಕೊನೆಗೆ ‘ತಿಳಿಸಿದ್ದೇನೆ ಸರ್’ ಎಂದು ಇಟ್ಟುಬಿಡುತ್ತಾರೆ.

ಪಾಳಿ ಬದಲಾವಣೆಗೆ ಇದಕ್ಕಿಂತ ಹೊಂದುವುದು ‘ಐ-ಪಾಸ್’ ಎಂಬ ಕ್ರಮ. ಇದರಲ್ಲಿ ಮೊದಲು ರೋಗಿ ಎಷ್ಟು ಗಂಭೀರ ಎಂಬುದನ್ನು ಹೇಳಬೇಕು. ಬಳಿಕ ಸಂಕ್ಷಿಪ್ತ ವಿವರ, ನಂತರ ಮಾಡಬೇಕಾದ ಕೆಲಸಗಳು, ಆಮೇಲೆ ಹೀಗಾದರೆ ಹಾಗೆ ಮಾಡಿ ಎಂಬ ಮುನ್ಸೂಚನೆ. ಕೊನೆಗೆ ಕೇಳಿಸಿಕೊಂಡವರು ತಾವು ಅರ್ಥಮಾಡಿಕೊಂಡದ್ದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಅಮೆರಿಕ ಮತ್ತು ಕೆನಡಾದ ಒಂಬತ್ತು ಆಸ್ಪತ್ರೆಗಳ ಮಕ್ಕಳ ವಿಭಾಗಗಳಲ್ಲಿ ಇದನ್ನು ತರಬೇತಿಯೊಂದಿಗೆ ಜಾರಿಗೆ ತಂದು, 10,740 ದಾಖಲಾತಿಗಳನ್ನು ಪರಿಶೀಲಿಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ವೈದ್ಯಕೀಯ ತಪ್ಪುಗಳು ಶೇ 23ರಷ್ಟು, ತಡೆಯಬಹುದಾಗಿದ್ದ ಹಾನಿಗಳು ಶೇ 30ರಷ್ಟು ಇಳಿದಿದ್ದವು. ‘ಇದಕ್ಕೆಲ್ಲ ಟೈಮ್ ಎಲ್ಲಿದೆ ಸಿಸ್ಟರ್’ ಎನ್ನುವವರಿಗಾಗಿ ಇನ್ನೊಂದು ಮಾತು: ಮಾತಿನಲ್ಲಿ ಒಪ್ಪಿಸಲು ಹಿಡಿಯುವ ಸಮಯ ಈ ಕ್ರಮದಿಂದ ಗಮನಾರ್ಹವಾಗಿ ಹೆಚ್ಚಲಿಲ್ಲ ಎಂಬುದೂ ಅದೇ ಅಧ್ಯಯನದಲ್ಲಿದೆ.

ಐದು ಹಂತಗಳಲ್ಲಿ ನಮ್ಮಲ್ಲಿ ಅತಿ ಕಷ್ಟದ್ದು ಕೊನೆಯದು. ಕೇಳಿದ್ದನ್ನು ತಿರುಗಿ ಹೇಳುವುದೆಂದರೆ ಕಿರಿಯರಿಗೆ ಪರೀಕ್ಷೆ ಕೊಟ್ಟಂತೆ, ಹಿರಿಯರಿಗೆ ಅವಮಾನವಾದಂತೆ ಅನಿಸುತ್ತದೆ. ಶುಶ್ರೂಷಕಿ ವೈದ್ಯರನ್ನು ‘ನಾನು ಹೇಳಿದ್ದನ್ನು ಒಮ್ಮೆ ಹೇಳಿ ಸರ್’ ಎಂದು ಕೇಳುವ ದಿನವನ್ನು ನಾನಂತೂ ನೋಡಲಿಲ್ಲ. ಆದ್ದರಿಂದ ಇದು ಮೇಲಿನಿಂದಲೇ ಶುರುವಾಗಬೇಕು. ವಿಭಾಗದ ಮುಖ್ಯಸ್ಥರು ತಾವಾಗಿಯೇ ‘ನೀವು ಹೇಳಿದ್ದು ಇದು ತಾನೇ’ ಎಂದು ತಿರುಗಿ ಹೇಳತೊಡಗಿದರೆ, ತಿಂಗಳೊಪ್ಪತ್ತಿನಲ್ಲಿ ಹೌಸ್ ಸರ್ಜನ್ನರ ನಾಲಿಗೆಗೂ ಅದು ಹತ್ತುತ್ತದೆ. ಸುತ್ತೋಲೆಯಲ್ಲಿ ಬರೆದರೆ ಹತ್ತುವುದಿಲ್ಲ.

ಫಾರಂ ಮುದ್ರಿಸಿ ಹಂಚಿದರೆ ಕೆಲಸ ಮುಗಿಯಿತೆಂದು ಭಾವಿಸುವವರಿಗೆ ಎಚ್ಚರಿಕೆಯ ಪಾಠ ನಮ್ಮ ದೇಶದಲ್ಲೇ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ತಪಶೀಲು ಪಟ್ಟಿಯನ್ನು ಮೊದಮೊದಲು ಪ್ರಯೋಗಿಸಿ ನೋಡಿದ್ದು ಕರ್ನಾಟಕದ ಒಂದು ಹೆರಿಗೆ ಕೇಂದ್ರದಲ್ಲಿ, 2010ರಲ್ಲಿ. ಮಾಡಲೇಬೇಕಾದ 29 ಕ್ರಮಗಳಲ್ಲಿ ಮೊದಲು ಸರಾಸರಿ 10 ಮಾತ್ರ ನಡೆಯುತ್ತಿದ್ದವು, ಪಟ್ಟಿ ಬಂದ ಮೇಲೆ 25ಕ್ಕೆ ಏರಿದವು. ಬಳಿಕ ಅದನ್ನೇ ಉತ್ತರ ಪ್ರದೇಶದ 120 ಆಸ್ಪತ್ರೆಗಳ ದೊಡ್ಡ ಪ್ರಯೋಗದಲ್ಲಿ ನೋಡಿದಾಗ, ತರಬೇತುದಾರರು ಜೊತೆಯಲ್ಲಿದ್ದಷ್ಟು ಕಾಲ ಪಾಲನೆ ಚೆನ್ನಾಗಿದ್ದು, ಅವರು ಹೋದ ಮೇಲೆ ಇಳಿಯಿತು. ತಾಯಿ ಮತ್ತು ಶಿಶುಗಳ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಪಕ್ಕದಲ್ಲಿ ನಿಂತು ತಿದ್ದುವವರಿಲ್ಲದ ಪಟ್ಟಿ ಏನಾಗುತ್ತದೆ ಎಂಬುದು ವಾರ್ಡಿನವರಿಗೆ ಗೊತ್ತೇ ಇದೆ: ಗುಣಮಟ್ಟದ ಮಾನ್ಯತೆ ನೀಡುವ ತಂಡ ಬರುವ ವಾರ ಹಿಂದಿನ ಎರಡು ತಿಂಗಳ ಒಪ್ಪಿಸುವಿಕೆಯ ರಿಜಿಸ್ಟರು ಒಂದೇ ಪೆನ್ನಿನಲ್ಲಿ, ಒಂದೇ ಕೂತಿನಲ್ಲಿ ಭರ್ತಿಯಾಗುತ್ತದೆ.

ವೈದ್ಯರ ಡ್ಯೂಟಿ ಗಂಟೆಗಳ ಬಗ್ಗೆ ಈಚೆಗೆ ನಡೆಯುತ್ತಿರುವ ಚರ್ಚೆಗೂ ಇದಕ್ಕೂ ನೇರ ನಂಟಿದೆ. ತರಬೇತಿ ಪಡೆಯುತ್ತಲೇ ಆಸ್ಪತ್ರೆಯಲ್ಲಿ ದುಡಿಯುವ ನಿವಾಸಿ (ರೆಸಿಡೆಂಟ್) ವೈದ್ಯರ ದುಡಿಮೆ ಸಾಮಾನ್ಯವಾಗಿ ದಿನಕ್ಕೆ 12, ವಾರಕ್ಕೆ 48 ಗಂಟೆ ಮೀರಬಾರದೆಂದು ಕೇಂದ್ರ ಸರ್ಕಾರ 1992ರಲ್ಲೇ ಹೇಳಿದ್ದು ಕಾಗದದಲ್ಲೇ ಉಳಿದಿದೆ. ಅದು ಜಾರಿಯಾಗಲೇಬೇಕು, ಮೂವತ್ತಾರು ಗಂಟೆ ನಿದ್ದೆಗೆಟ್ಟವರ ಕೈಗೆ ಯಾರನ್ನೂ ಒಪ್ಪಿಸಬಾರದು. ಆದರೆ ನ್ಯೂಯಾರ್ಕಿನಲ್ಲಿ 1984ರಲ್ಲಿ ದೀರ್ಘ ಪಾಳಿಯ ನಿವಾಸಿ ವೈದ್ಯರ ಆರೈಕೆಯಲ್ಲಿದ್ದ ಯುವತಿಯೊಬ್ಬರ ಸಾವಿನಿಂದ ಎದ್ದ ಕೂಗು 2003ರಲ್ಲಿ ಇಡೀ ಅಮೆರಿಕದ ನಿವಾಸಿ ವೈದ್ಯರಿಗೆ ವಾರಕ್ಕೆ 80 ಗಂಟೆಯ ಮಿತಿಯಾಗಿ ಬಂದಾಗ, ಅಲ್ಲಿನವರಿಗೆ ಕೂಡಲೇ ಎದುರಾದ ಹೊಸ ತೊಂದರೆ, ರೋಗಿ ಮೊದಲಿಗಿಂತ ಹೆಚ್ಚು ಕೈ ಬದಲಾಗುತ್ತಾನೆ ಎಂಬುದು. ಪಾಳಿ ಕಿರಿದಾದಷ್ಟೂ ಒಪ್ಪಿಸುವ ಸಂದರ್ಭಗಳು ಹೆಚ್ಚುತ್ತವೆ. ಗಂಟೆ ಇಳಿಸುವ ಆದೇಶದ ಜೊತೆಯಲ್ಲೇ ಒಪ್ಪಿಸುವ ಕ್ರಮದ ಆದೇಶವೂ ಬಾರದಿದ್ದರೆ ಒಂದು ಅಪಾಯವನ್ನು ಕಳೆದು ಇನ್ನೊಂದನ್ನು ತಂದುಕೊಂಡಂತಾಗುತ್ತದೆ.

ಈಗ ಎಲ್ಲ ವಾರ್ಡಿಗೂ ವಾಟ್ಸ್‌ಆ್ಯಪ್ ಗುಂಪಿದೆ, ಅಲ್ಲೇ ಎಲ್ಲ ತಿಳಿಯುತ್ತದೆ ಎನ್ನುವ ವಾದವನ್ನೂ ಕೇಳಿದ್ದೇನೆ. ಎಕ್ಸ್‌ರೇ ಚಿತ್ರ ಕಳುಹಿಸಲು ಅದು ಉಪಯುಕ್ತ, ಒಪ್ಪುತ್ತೇನೆ. ಆದರೆ ಹುಟ್ಟುಹಬ್ಬದ ಶುಭಾಶಯಗಳ ನಡುವೆ ಸಿಲುಕಿದ ಪೊಟ್ಯಾಶಿಯಂ ಅಂಕಿಯನ್ನು ಯಾರು ನೋಡಿದರು, ನೋಡಿದವರು ಹೊಣೆ ಹೊತ್ತರೇ ಎಂಬುದು ಎರಡು ನೀಲಿ ಗೆರೆಗಳಿಂದ ತಿಳಿಯುವುದಿಲ್ಲ; ಕೇಸ್ ಶೀಟಿನಲ್ಲಿ ಅದರ ಗುರುತೂ ಉಳಿಯುವುದಿಲ್ಲ.

ಮಂಚದ ಬಳಿಯೇ ನಿಂತು ಒಪ್ಪಿಸಿದರೆ ರೋಗಿಗೂ ಜೊತೆಯಲ್ಲಿರುವವರಿಗೂ ಒಂದು ಪಾತ್ರ ಸಿಗುತ್ತದೆ. ಮೂರು ದಿನದಿಂದ ಅಪ್ಪನ ಪಕ್ಕ ಕೂತಿರುವ ಮಗಳಿಗೆ, ಯಾವ ಮಾತ್ರೆ ಕೊಟ್ಟಾಗ ಮೈಯೆಲ್ಲ ದದ್ದು ಎದ್ದಿತು ಎಂಬುದು ಯಾವ ಪಾಳಿಯವರಿಗಿಂತಲೂ ಚೆನ್ನಾಗಿ ಗೊತ್ತಿರುತ್ತದೆ. ಎಚ್‌ಐವಿ, ಗರ್ಭಪಾತದಂಥ ವಿಷಯಗಳನ್ನು ಮಾತ್ರ ಕಿಕ್ಕಿರಿದ ಜನರಲ್ ವಾರ್ಡಿನಲ್ಲಿ ಗಟ್ಟಿಯಾಗಿ ಹೇಳದೆ, ಸಿಸ್ಟರುಗಳ ಕೊಠಡಿಯಲ್ಲಿ ಹೇಳುವ ವಿವೇಕ ಬೇಕು.

ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ ಹಾಗೂ ವೈದ್ಯಕೀಯ ಶಿಕ್ಷಣ ಇಲಾಖೆಗಳಲ್ಲಿ ನನ್ನ ಮುಖ್ಯ ಬೇಡಿಕೆ ಒಂದೇ. ಪ್ರತಿ ಪಾಳಿಯನ್ನೂ ಮುಂದಿನ ಪಾಳಿಯ ಮೇಲೆ ಅರ್ಧ ಗಂಟೆ ಚಾಚುವಂತೆ ಡ್ಯೂಟಿ ಪಟ್ಟಿಯನ್ನು ಬದಲಿಸಿ, ಆ ಅರ್ಧ ಗಂಟೆಯನ್ನು ಸಂಬಳದ ಕೆಲಸವೆಂದು ದಾಖಲಿಸಿ. ಇದು ಪುಕ್ಕಟೆಯಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ತಿಂಗಳಿಗೆ 24 ಪಾಳಿ ಮಾಡುವ ಒಬ್ಬರಿಗೆ ಇದು 12 ಗಂಟೆ, ಅಂದರೆ ಎರಡು ಹಗಲು ಪಾಳಿಯ ದುಡಿಮೆ. ಅದಕ್ಕೆ ಪರಿಹಾರ ರಜೆ ಕೊಡಬೇಕು, ರಜೆ ಕೊಡಲು ಖಾಲಿ ಹುದ್ದೆ ತುಂಬಬೇಕು. ಇರುವವರ ಮೇಲೆಯೇ ಅರ್ಧ ಗಂಟೆ ಹೇರಿದರೆ, ಮೂರನೇ ತಿಂಗಳಿಗೆ ಅದು ಮತ್ತೆ ಬಸ್ಸಿನ ಸಮಯಕ್ಕೆ ಸೋಲುತ್ತದೆ. ಆ ಅರ್ಧ ಗಂಟೆಯಲ್ಲಿ ರೌಂಡ್ಸ್, ಸಭೆ, ಸ್ಟೋರಿನ ಇಂಡೆಂಟ್ ಯಾವುದನ್ನೂ ಇಡಬಾರದು. ತಾಲ್ಲೂಕು ಆಸ್ಪತ್ರೆಯಿಂದ ಮೇಲಕ್ಕೆ ಕಳುಹಿಸುವ ಪ್ರತಿ ಗಂಭೀರ ರೋಗಿಯ ವಿಷಯದಲ್ಲಿ, ವಾಹನ ಹೊರಡುವ ಮೊದಲು ಒಬ್ಬ ವೈದ್ಯರು ಇನ್ನೊಬ್ಬ ವೈದ್ಯರಿಗೆ ಕರೆ ಮಾಡಿ, ಮಾತಾಡಿದವರ ಹೆಸರು ಮತ್ತು ವೇಳೆಯನ್ನು ಚೀಟಿಯಲ್ಲಿ ಬರೆಯುವುದು ಕಡ್ಡಾಯವಾಗಲಿ; ಕರೆ ಸ್ವೀಕರಿಸಲು ಜಿಲ್ಲಾ ಆಸ್ಪತ್ರೆಯ ಕ್ಯಾಷುವಾಲಿಟಿಯಲ್ಲಿ ಯಾರ ಜೇಬಿನಲ್ಲೂ ಮನೆಗೆ ಹೋಗದ ಒಂದು ಫೋನು ಇರಲಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ಎಂ.ಬಿ.ಬಿ.ಎಸ್. ಮತ್ತು ನರ್ಸಿಂಗ್ ವಿದ್ಯಾರ್ಥಿಗಳ ಪ್ರಾಯೋಗಿಕ ಪರೀಕ್ಷೆಯಲ್ಲಿ ರೋಗಿಯೊಬ್ಬರನ್ನು ಮೂರು ನಿಮಿಷದಲ್ಲಿ ಒಪ್ಪಿಸಿ ತೋರಿಸುವುದಕ್ಕೂ ಅಂಕ ಇಡಲಿ. ಅಂಕವಿಲ್ಲದ್ದನ್ನು ನಮ್ಮ ಮಕ್ಕಳು ಕಲಿಯುವುದಿಲ್ಲ, ಅದರಲ್ಲಿ ಅವರ ತಪ್ಪೂ ಇಲ್ಲ.

ಇನ್ನು, ಪ್ರತಿ ತಾಯಿ ಮರಣದ ಪರಿಶೀಲನಾ ಸಭೆ ಜಿಲ್ಲಾ ಮಟ್ಟದಲ್ಲಿ ಈಗಾಗಲೇ ನಡೆಯುತ್ತಿದೆ. ಆಕೆ ಯಾವ ಯಾವ ಕೈ ದಾಟಿ ಬಂದಳು, ಪ್ರತಿ ಹಂತದಲ್ಲೂ ಯಾರು ಯಾರಿಗೆ ಏನು ಹೇಳಿದರು, ಏನು ಹೇಳದೆ ಉಳಿಯಿತು ಎಂಬುದನ್ನು ಆ ಸಭೆ ಪ್ರತ್ಯೇಕವಾಗಿ ಬರೆದಿಡಲಿ, ಮತ್ತು ಅದನ್ನು ಹೇಳಲು ಬಂದ ಸಿಬ್ಬಂದಿಯನ್ನು ಶಿಕ್ಷಿಸಲು ಆ ಬರಹವನ್ನು ಬಳಸುವುದಿಲ್ಲವೆಂದು ಇಲಾಖೆ ಲಿಖಿತವಾಗಿ ಭರವಸೆ ಕೊಡಲಿ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಆಯುಕ್ತರ ಒಂದು ಸುತ್ತೋಲೆ ಸಾಕು.

ಇತಿ,
ನಿವೃತ್ತ ಹಿರಿಯ ಶುಶ್ರೂಷಾಧಿಕಾರಿ,
ಹಾಸನ ಜಿಲ್ಲೆ